ಅಂಕ ಇಲ್ಲ, ಪದಕ ಇಲ್ಲ: ಎಲ್ಲರ ಜಿಮ್ನಾಸ್ಟಿಕ್ಸ್ ನಡೆಯುವುದು ಹೇಗೆ?

2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್ (ಓಡಿಬಂದು, ಮೇಜಿನಂಥ ಸಲಕರಣೆಗೆ ಕೈಯೂರಿ ಹಾರುವ ಕಸರತ್ತು) ಫೈನಲ್‌ನಲ್ಲಿ ದೀಪಾ ಕರ್ಮಾಕರ್ ನಾಲ್ಕನೆಯವರಾದರು. ಕಂಚು ಕೈತಪ್ಪಿದ್ದು ಬರೀ 0.15 ಅಂಕದಿಂದ. ಅವತ್ತು ರಾತ್ರಿ ನಿದ್ದೆಗೆಟ್ಟು ಟಿ.ವಿ. ಮುಂದೆ ಕೂತಿದ್ದ ಎಷ್ಟೋ ಜನ ಜಿಮ್ನಾಸ್ಟಿಕ್ಸ್ ನೋಡಿದ್ದೇ ಅದು ಮೊದಲ ಸಲ. ಅದರ ಜೊತೆಗೇ ಒಂದು ಅಭಿಪ್ರಾಯವೂ ಗಟ್ಟಿಯಾಗಿ ಕೂತುಬಿಟ್ಟಿತು. ಇದು ಐದಾರು ವರ್ಷಕ್ಕೇ ಶುರುಮಾಡಿ, ಇಪ್ಪತ್ತೈದಕ್ಕೆಲ್ಲ ಬಿಟ್ಟುಬಿಡುವ ಆಟ, ನಮ್ಮಂಥವರಿಗಲ್ಲ ಅಂತ.

ಆದರೆ ಇದೇ ಜಿಮ್ನಾಸ್ಟಿಕ್ಸ್‌ಗೆ ಇನ್ನೊಂದು ಬದುಕಿದೆ. 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 'ವರ್ಲ್ಡ್ ಜಿಮ್ನಾಸ್ಟ್ರಾಡಾ' ಅನ್ನುವ ಉತ್ಸವ ನಡೆಯಿತು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ಉತ್ಸವಕ್ಕೆ ಈಗೀಗ ಹತ್ತಾರು ದೇಶಗಳಿಂದ ಹೆಚ್ಚುಕಡಿಮೆ 20 ಸಾವಿರ ಜನ ಬರುತ್ತಾರೆ. ಹೈಸ್ಕೂಲ್ ಮಕ್ಕಳು, ಗಾಲಿಕುರ್ಚಿಯಲ್ಲಿ ಕೂತವರು, ಎಪ್ಪತ್ತು ದಾಟಿದ ಅಜ್ಜಿಯರು ಎಲ್ಲರೂ ಅಲ್ಲಿ ಪ್ರದರ್ಶನ ಕೊಡುವವರೇ. ಒಂದು ವಾರ ಪೂರ್ತಿ ಹಾಲ್‌ಗಳಲ್ಲಿ, ಮೈದಾನಗಳಲ್ಲಿ, ಊರಿನ ಚೌಕಗಳಲ್ಲಿ ಕಾರ್ಯಕ್ರಮ. ಕೊನೆಗೆ ಗೆದ್ದವರು ಯಾರು ಅಂತ ಕೇಳಿದರೆ ಉತ್ತರವೇ ಇಲ್ಲ. ತೀರ್ಪುಗಾರರಿಲ್ಲ, ಅಂಕಪಟ್ಟಿ ಇಲ್ಲ. ಬಹುತೇಕರು ಸ್ವಂತ ಖರ್ಚಿನಲ್ಲಿ ಬಂದು, ಶಾಲಾ ಕೊಠಡಿಗಳಲ್ಲಿ ಹಾಸಿಗೆ ಹಾಸಿಕೊಂಡು ಮಲಗಿ, ತಮ್ಮ ಹದಿನೈದು ನಿಮಿಷದ ಪ್ರದರ್ಶನ ಕೊಟ್ಟು ಊರಿಗೆ ಹೋಗುತ್ತಾರೆ. ಮುಂದಿನದು 2027ರಲ್ಲಿ, ಲಿಸ್ಬನ್‌ನಲ್ಲಿ.

ಇದನ್ನು 'ಜಿಮ್ನಾಸ್ಟಿಕ್ಸ್ ಫಾರ್ ಆಲ್' ಅನ್ನುತ್ತಾರೆ. ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್ ನಡೆಸುವ ಅಂತರರಾಷ್ಟ್ರೀಯ ಒಕ್ಕೂಟವೇ ಇದನ್ನೂ ನಡೆಸುತ್ತದೆ. ಆರ್ಟಿಸ್ಟಿಕ್, ರಿದಮಿಕ್, ಟ್ರ್ಯಾಂಪೊಲಿನ್, ಪಾರ್ಕೋರ್ ಇವುಗಳ ಸಾಲಿನಲ್ಲೇ ಇದೂ ಒಂದು ವಿಭಾಗ. ಸ್ಪರ್ಧೆಗೆ ಆಯ್ಕೆಯಾಗದವರನ್ನು ಸಮಾಧಾನ ಮಾಡೋಕೆ ಹುಟ್ಟುಹಾಕಿದ್ದು ಅಂತ ಅಂದುಕೊಳ್ಳುವವರು ಜಾಸ್ತಿ. ಚರಿತ್ರೆ ನೋಡಿದರೆ ವಿಷಯ ಉಲ್ಟಾ ಇದೆ.

1811ರಲ್ಲಿ ಬರ್ಲಿನ್ ಹೊರವಲಯದ ಹಾಸನ್‌ಹೈಡೆಯಲ್ಲಿ ಫ್ರೀಡ್ರಿಶ್ ಲುಡ್ವಿಗ್ ಯಾನ್ ಒಂದು ಬಯಲು ವ್ಯಾಯಾಮಶಾಲೆ ತೆರೆದ. ಸಮಾನಾಂತರ ಬಾರ್, ಅಡ್ಡ ಬಾರ್ ಎಲ್ಲ ಹೆಸರಾಗಿದ್ದು ಅಲ್ಲಿಂದ. ಎರಡು ವರ್ಷ ಕಳೆದ ಮೇಲೆ, 1813ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಪೇರ್ ಹೆನ್ರಿಕ್ ಲಿಂಗ್ ಸರ್ಕಾರದ ಬೆಂಬಲದಿಂದ ಒಂದು ಜಿಮ್ನಾಸ್ಟಿಕ್ಸ್ ಸಂಸ್ಥೆ ಕಟ್ಟಿದ. ಯಾನ್‌ಗೆ ಬೇಕಾಗಿದ್ದು ದೇಶಕ್ಕಾಗಿ ಹೋರಾಡಬಲ್ಲ ಗಟ್ಟಿ ಯುವಕರು. ಬರ್ಲಿನ್ ಆಗ ಸೇರಿದ್ದ ಪ್ರಷ್ಯಾ ರಾಜ್ಯದ ಸರ್ಕಾರಕ್ಕೆ ಆ ಗುಂಪು ಕಂಡರೆ ಎಷ್ಟು ಭಯವಾಯಿತೆಂದರೆ 1820ರಿಂದ 1842ರವರೆಗೆ ಅದನ್ನು ನಿಷೇಧಿಸಿಯೇ ಬಿಟ್ಟಿತು. ಲಿಂಗ್ ದಾರಿ ಬೇರೆ. ಅವನು ವ್ಯಾಯಾಮವನ್ನು ನಾಲ್ಕು ಭಾಗ ಮಾಡಿದ: ಶಿಕ್ಷಣಕ್ಕೆ, ಸೈನ್ಯಕ್ಕೆ, ಚಿಕಿತ್ಸೆಗೆ, ಸೌಂದರ್ಯಕ್ಕೆ. ಇವತ್ತು ಫಿಸಿಯೋಥೆರಪಿ ಕೋಣೆಯ ಗೋಡೆಗೆ ಹೊಡೆದಿರುವ ಮರದ ಏಣಿ ನೋಡಿದ್ದೀರಲ್ವಾ? ಅದು ಬಂದಿದ್ದು ಆ ಸ್ವೀಡಿಷ್ ಪದ್ಧತಿಯಿಂದ.

ಆಮೇಲೆ 1881ರಲ್ಲಿ ಬೆಲ್ಜಿಯಂ, ಫ್ರಾನ್ಸ್, ನೆದರ್ಲೆಂಡ್ಸ್ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಅದೇ ಮುಂದೆ ಅಂತರರಾಷ್ಟ್ರೀಯ ಒಕ್ಕೂಟವಾಯಿತು. ಅದರ ಮೊದಲ ಅಧ್ಯಕ್ಷ ಆಂಟ್‌ವರ್ಪ್‌ನ ನಿಕೋಲಾಸ್ ಕ್ಯುಪೆರಸ್. ಅವನಿಗೆ ಸ್ಪರ್ಧೆ ಅಂದರೇ ಆಗುತ್ತಿರಲಿಲ್ಲ. ಊರೂರಿನ ಸಂಘಗಳು ಒಂದೆಡೆ ಸೇರಬೇಕು, ತಮಗೆ ಗೊತ್ತಿರುವುದನ್ನು ತೋರಿಸಬೇಕು, ಬೇರೆಯವರದ್ದನ್ನು ನೋಡಬೇಕು, ಅಷ್ಟೇ ಅವನ ಆಸೆ. ಒಕ್ಕೂಟದ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ ನಡೆದಿದ್ದು 1903ರಲ್ಲಿ, ಅದೂ ಅವನ ಊರಲ್ಲೇ. ಅಂದರೆ ಸಂಘಟಿತ ಜಿಮ್ನಾಸ್ಟಿಕ್ಸ್‌ನ ಮನೆಯಲ್ಲಿ ಪ್ರದರ್ಶನವೇ ಹಿರಿಯಕ್ಕ, ಸ್ಪರ್ಧೆ ಆಮೇಲೆ ಬಂದ ತಂಗಿ. ಕ್ಯುಪೆರಸ್ ಆಸೆಗೆ ಮತ್ತೆ ಜೀವ ಕೊಟ್ಟವರು ನೆದರ್ಲೆಂಡ್ಸ್‌ನ ಜೆ. ಎಚ್. ಎಫ್. ಸೋಮರ್. ಲಿಂಗ್ ನೆನಪಿನಲ್ಲಿ 1939 ಮತ್ತು 1949ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ದೊಡ್ಡ ಪ್ರದರ್ಶನಗಳ ಹಾದಿಯಲ್ಲೇ ಅವರು 1953ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲ ಜಿಮ್ನಾಸ್ಟ್ರಾಡಾ ನಡೆಸಿದರು. ಯುದ್ಧದ ಬಾಂಬಿಗೆ ನಡುಭಾಗವೇ ನೆಲಸಮವಾಗಿದ್ದ ಊರು ಅದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ಪರ್ಧೆ ಇಲ್ಲ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೇ ಅಂತಲ್ಲ. ಸಾವಿರಾರು ಜನ ಒಂದೇ ಬಟ್ಟೆ ತೊಟ್ಟು ಒಂದೇ ಹೊತ್ತಿಗೆ ಕೈ ಎತ್ತುವ ದೃಶ್ಯ ಅಂದರೆ ಸರ್ವಾಧಿಕಾರಿಗಳಿಗೆ ಬಹಳ ಇಷ್ಟ. ಪ್ರಾಗ್ ನಗರದಲ್ಲಿ 1862ರಲ್ಲಿ ಮಿರೊಸ್ಲಾವ್ ಟಿರ್ಶ್ ಮತ್ತು ಗೆಳೆಯರು ಶುರುಮಾಡಿದ 'ಸೊಕೋಲ್' ಸಂಘ ಜನರೇ ಕಟ್ಟಿದ್ದು. ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ಅದನ್ನು ಅಡಗಿಸಿ, 1955ರಿಂದ, ಸೊಕೋಲ್ ಪ್ರದರ್ಶನಗಳು ನಡೆಯುತ್ತಿದ್ದ ಅದೇ ಸ್ಟ್ರಾಹೋವ್ ಮೈದಾನದಲ್ಲಿ ಸರ್ಕಾರಿ 'ಸ್ಪಾರ್ಟಕಿಯಾಡ್' ನಡೆಸಿತು. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಬಂದವರು ಅವರಾಗೇ ಬಂದರಾ, ಕರೆತಂದರಾ ಅನ್ನುವುದರಲ್ಲಿ ಇಡೀ ವ್ಯತ್ಯಾಸವಿದೆ. ಎಲ್ಲರ ಜಿಮ್ನಾಸ್ಟಿಕ್ಸ್ ಅನ್ನಿಸಿಕೊಳ್ಳಬೇಕಾದರೆ ಬೇಡ ಅಂದವರಿಗೆ ಪಕ್ಕಕ್ಕೆ ಕೂರುವ ಹಕ್ಕೂ ಇರಬೇಕು.

ಸರಿ, ಈಗ ಮುಖ್ಯ ಪ್ರಶ್ನೆ. ಹಾರಿ ಗಾಳಿಯಲ್ಲಿ ಎರಡು ಸುತ್ತು ತಿರುಗುವ ಹುಡುಗಿ ಮಾಡುವುದನ್ನೇ ಅರವತ್ತೈದರ ಅಜ್ಜಿಯೂ ಮಾಡುತ್ತಾರೆ ಅಂದರೆ ಅದು ಹೇಗೆ?

ಕೆನಡಾದ ಕೀತ್ ರಸೆಲ್ ಅನ್ನುವ ತಜ್ಞರು ಇದಕ್ಕೊಂದು ದಾರಿ ತೋರಿಸಿದರು. ಜಿಮ್ನಾಸ್ಟಿಕ್ಸ್‌ನಲ್ಲಿ ಸಾವಿರಾರು ಕಸರತ್ತುಗಳಿವೆ. ಬಿಡಿಸಿ ನೋಡಿದರೆ ಅವೆಲ್ಲ ಕೆಲವೇ ಮೂಲ ಚಲನೆಗಳಿಂದ ಆದವು. ಇಳಿಯುವುದು. ಒಂದು ಭಂಗಿಯಲ್ಲಿ ಅಲುಗಾಡದೆ ನಿಲ್ಲುವುದು ಅಥವಾ ನೇತಾಡುವುದು. ಒಂದು ಕಡೆಯಿಂದ ಇನ್ನೊಂದು ಕಡೆ ಸಾಗುವುದು. ತಿರುಗುವುದು, ಉರುಳುವುದು. ಜೀಕುವುದು. ಚಿಮ್ಮುವುದು. ದೀಪಾ ಅವರ ವಾಲ್ಟ್ ತಗೊಳ್ಳಿ. ಓಡಿ ಸಾಗಿದರು, ಹಲಗೆಯಿಂದ ಚಿಮ್ಮಿದರು, ಕೈ ಮೇಲೆ ಬಂದು ಮತ್ತೆ ಚಿಮ್ಮಿದರು, ಎರಡು ಸುತ್ತು ತಿರುಗಿದರು, ಇಳಿದರು. ಮೂರು ವರ್ಷದ ಮಗು ಸೋಫಾ ಮೇಲಿಂದ ಹಾರಿದಾಗಲೂ ಇದೇ ಚಿಮ್ಮುವುದು, ಇದೇ ಇಳಿಯುವುದು. ಎತ್ತರ ಬೇರೆ, ವೇಗ ಬೇರೆ, ಎಷ್ಟು ಸಲ ಅನ್ನುವುದು ಬೇರೆ. ಚಲನೆ ಅದೇ.

ಇವುಗಳಲ್ಲಿ ಇಳಿಯುವುದನ್ನು ಮೊದಲು ಕಲಿಸುತ್ತಾರೆ. ಹಾರುವುದನ್ನು ಅಲ್ಲ. ಇದು ಬಹಳ ಜನಕ್ಕೆ ಆಶ್ಚರ್ಯ ಅನ್ನಿಸುತ್ತದೆ. ಆದರೆ ಪೆಟ್ಟಾಗುವುದು ಹಾರುವಾಗ ಅಲ್ಲ, ನೆಲ ಮುಟ್ಟುವಾಗ.

ಇದರ ಲೆಕ್ಕ ಬಹಳ ಸರಳ. ಅರ್ಧ ಮೀಟರ್ ಎತ್ತರದ ಸ್ಟೂಲಿನಿಂದ ಇಳಿದಿರಿ ಅನ್ನಿ. ಮಂಡಿ ಬಿಗಿಹಿಡಿದು, ನೆಲ ಮುಟ್ಟಿದ ಮೇಲೆ ಮೈ 5 ಸೆಂಟಿಮೀಟರ್‌ನಲ್ಲೇ ನಿಂತುಬಿಟ್ಟರೆ ಕಾಲಿನ ಮೇಲೆ ಬೀಳುವ ಸರಾಸರಿ ಹೊರೆ ನಿಮ್ಮ ತೂಕದ 11 ಪಟ್ಟು. ಮಂಡಿ, ಸೊಂಟ ಎರಡನ್ನೂ ಮಡಚಿ 25 ಸೆಂಟಿಮೀಟರ್‌ನಷ್ಟು ಕೆಳಗೆ ಬಂದು ನಿಂತರೆ ಅದೇ ಹೊರೆ 3 ಪಟ್ಟು. ಎತ್ತರ ಅದೇ, ತೂಕ ಅದೇ. ಇಳಿಯುವ ರೀತಿ ಮಾತ್ರ ಬದಲಾಯಿತು.

ತರಗತಿಯಲ್ಲಿ ಇದನ್ನು ಕಲಿಸುವ ಕ್ರಮ ಹೀಗಿರುತ್ತದೆ. ಮೊದಲು ನಿಂತಲ್ಲೇ ಸಣ್ಣಗೆ ಕುಪ್ಪಳಿಸಿ ಇಳಿಯುವುದು. ಪಾದದ ಮುಂಭಾಗ ಮೊದಲು, ಹಿಮ್ಮಡಿ ಆಮೇಲೆ. ಎರಡು ಪಾದದ ನಡುವೆ ಸೊಂಟದಗಲ ಜಾಗ. ಮಂಡಿ ಒಳಗೆ ವಾಲದೆ ಕಾಲ್ಬೆರಳಿನ ದಿಕ್ಕಿಗೇ ಬಗ್ಗಬೇಕು. ಕೈ ಎರಡೂ ಮುಂದಕ್ಕೆ, ಕಣ್ಣು ಎದುರಿಗೆ. ಶಬ್ದ ಬರದ ಹಾಗೆ ಇಳಿಯಿರಿ ಅಂತ ಮಕ್ಕಳಿಗೆ ಹೇಳಿದರೆ ಸಾಕು, ಅರ್ಧ ಪಾಠ ಅಲ್ಲೇ ಮುಗಿಯಿತು. ಆಮೇಲೆ ಒಂದು ಇಟ್ಟಿಗೆ ಎತ್ತರದ ಮ್ಯಾಟ್‌ನಿಂದ, ಆಮೇಲೆ ಮಂಡಿ ಎತ್ತರದ ಪೆಟ್ಟಿಗೆಯಿಂದ. ಕೊನೆಗೆ, ಇಳಿದ ವೇಗ ಜಾಸ್ತಿ ಇದ್ದರೆ ಪಕ್ಕಕ್ಕೆ ಉರುಳಿ ಆ ವೇಗವನ್ನು ಖರ್ಚು ಮಾಡುವುದು. ಆಗ ಕೈ ಚಾಚಿ ನೆಲಕ್ಕೆ ಊರಬಾರದು. ಮಣಿಕಟ್ಟು ಮುರಿಯುವುದು ಸಾಮಾನ್ಯವಾಗಿ ಹಾಗೆಯೇ. ಕೈಯನ್ನು ಎದೆಗೆ ಹತ್ತಿರ ಮಡಚಿಕೊಂಡು, ತೊಡೆ, ಪೃಷ್ಠ, ಬೆನ್ನಿನ ಪಕ್ಕ ಹೀಗೆ ಒಂದೊಂದಾಗಿ ನೆಲಕ್ಕೆ ತಾಗಿಸುತ್ತಾ ಉರುಳಬೇಕು.

ಅಂಕ ತೆಗೆದುಹಾಕಿದರೆ ಆಟದ ತಂತ್ರವೇ ಬದಲಾಗುವುದು ಕೂಡ ಇಲ್ಲೇ ಕಾಣುತ್ತದೆ. ಸ್ಪರ್ಧೆಯಲ್ಲಿ ಇಳಿದ ಮೇಲೆ ಒಂದು ಸಣ್ಣ ಹೆಜ್ಜೆ ಇಟ್ಟರೆ 0.1 ಅಂಕ ಹೋಯಿತು, ದೊಡ್ಡ ಹೆಜ್ಜೆಗೆ 0.3, ಬಿದ್ದರೆ ಪೂರ್ತಿ 1 ಅಂಕ. ತೀರಾ ಕೆಳಗೆ ಕೂತು ಇಳಿದರೂ ಕಡಿತ. ಹಾಗಾಗಿ ಸ್ಪರ್ಧಿಗಳು ನೆಟ್ಟ ಕಂಬದಂತೆ ನಿಲ್ಲಲು ವರ್ಷಗಟ್ಟಲೆ ದುಡಿಯುತ್ತಾರೆ, ಅದಕ್ಕೆ ಮಂಡಿ, ಹಿಮ್ಮಡಿ ಬೆಲೆ ತೆರುತ್ತವೆ. ಎಲ್ಲರ ತರಗತಿಯಲ್ಲಿ ಹೆಜ್ಜೆ ಇಟ್ಟು ನಿಲ್ಲುವುದು, ಉರುಳಿ ಏಳುವುದು ತಪ್ಪಲ್ಲ, ಅದೇ ಸರಿಯಾದ ಕ್ರಮ. ಸುಲಭ ಮಾಡೋಕೆ ಅಂತ ಸುಮ್ನೆ ರಿಯಾಯಿತಿ ಕೊಟ್ಟಿದ್ದಲ್ಲ ಇದು. ಗುರಿ ಬೇರೆಯಾದ್ದರಿಂದ ಕಸರತ್ತಿನ ರೂಪವೂ ಬೇರೆ.

ವಯಸ್ಸಾದವರ ವಿಷಯಕ್ಕೆ ಬಂದರೆ ಇದು ಆಟದ ಮಾತಾಗಿ ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನ ಸ್ಥಾನ ಇದಕ್ಕೇ. ಅದರಲ್ಲಿ ಹೆಚ್ಚಿನವರು ಹಿರಿಯರು. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಜಾಲದ 2019ರ ವಿಮರ್ಶೆ, ವ್ಯಾಯಾಮ ಮಾಡುವ ಹಿರಿಯರು ಬೀಳುವ ಪ್ರಮಾಣ ಸುಮಾರು 23% ಕಡಿಮೆ ಅಂತ ಹೇಳಿದೆ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡೂ ಬೇಡುವ ವ್ಯಾಯಾಮ ಮಾಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಬರೀ ವಾಕಿಂಗ್ ಸಾಲದು ಅಂತ ಇದರ ಅರ್ಥ. ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ಹಾಕುವ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಹಿರಿಯರ ತರಗತಿಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ನೆಲದಿಂದ ಏಳುವ ಪಾಠ. ಬಿದ್ದ ಎಷ್ಟೋ ಹಿರಿಯರಿಗೆ ಪೆಟ್ಟಾಗಿರುವುದಿಲ್ಲ, ಆದರೂ ಏಳಲಾಗದೆ ಗಂಟೆಗಟ್ಟಲೆ ಬಿದ್ದಿರುತ್ತಾರೆ. ಇದನ್ನು ತುಂಡು ತುಂಡಾಗಿ ಕಲಿಸುತ್ತಾರೆ. ಅಂಗಾತ ಮಲಗಿದವರು ಮೊದಲು ಒಂದು ಮಗ್ಗುಲಿಗೆ ಹೊರಳಬೇಕು. ಮೊಣಕೈ ಊರಿ, ಅಂಗೈ ಊರಿ ಏಳಬೇಕು. ಅಲ್ಲಿಂದ ಅಂಬೆಗಾಲಿನ ಭಂಗಿಗೆ. ಹತ್ತಿರದ ಕುರ್ಚಿಗೆ ಅಂಬೆಗಾಲಲ್ಲೇ ಹೋಗಿ ಕೈ ಇಡಬೇಕು. ಬಲವಾದ ಕಾಲಿನ ಪಾದವನ್ನು ಮುಂದಿಟ್ಟು, ತೊಡೆಯ ಬಲದಿಂದ ಮೇಲೆದ್ದು, ತಿರುಗಿ ಕೂರಬೇಕು. ಅಡ್ಡಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಕಣ್ಣು ಒಂದು ಕಡೆ ತಲೆ ಇನ್ನೊಂದು ಕಡೆ ತಿರುಗಿಸುತ್ತಾ ನಡೆಯುವುದು, ಇವೂ ಇರುತ್ತವೆ. ಯುರೋಪಿನಲ್ಲಿ 50 ದಾಟಿದವರಿಗೆಂದೇ ಬೇರೆ ಜಿಮ್ನಾಸ್ಟಿಕ್ಸ್ ಉತ್ಸವ ನಡೆಯುತ್ತದೆ. ಸ್ವಿಟ್ಜರ್ಲೆಂಡ್‌ನ ಹಳ್ಳಿಗಳಲ್ಲಿ ಮೂರು ನಾಲ್ಕು ವರ್ಷದ ಮಕ್ಕಳು ಅಪ್ಪ ಅಥವಾ ಅಮ್ಮನ ಜೊತೆ ಬರುವ ತರಗತಿ ನಡೆಯುವ ಹಾಲ್‌ನಲ್ಲೇ ಇನ್ನೊಂದು ಸಂಜೆ ಹಿರಿಯರ ತರಗತಿ.

ಬೇರೆ ಬೇರೆ ಸಾಮರ್ಥ್ಯದವರು ಒಂದೇ ತರಗತಿಯಲ್ಲಿದ್ದರೆ? ಆಗ ಕೋಚ್ ಕಸರತ್ತನ್ನು ಬದಲಿಸುವುದಿಲ್ಲ, ಸುತ್ತಲಿನದ್ದನ್ನು ಬದಲಿಸುತ್ತಾರೆ. ಮುಂದಕ್ಕೆ ಲಾಗ ಹಾಕುವುದನ್ನೇ ನೋಡಿ. ಸಮನೆಲದಲ್ಲಿ ಕಷ್ಟವಾದರೆ ಇಳಿಜಾರು ಮ್ಯಾಟ್ ಇಡುತ್ತಾರೆ, ತೂಕವೇ ಉರುಳಿಸುತ್ತದೆ. ಅದೂ ಕಷ್ಟವಾದರೆ ಅಡ್ಡ ಮಲಗಿ ಉದ್ದಕ್ಕೆ ಉರುಳುವುದು. ಕಣ್ಣು ಕಾಣದವರಿಗೆ ಮೊದಲು ಕೋಚ್‌ನ ಬೆನ್ನು, ಭುಜ ಮುಟ್ಟಿಸಿ ಭಂಗಿ ತಿಳಿಸುತ್ತಾರೆ, ಮ್ಯಾಟಿನ ಅಂಚನ್ನು ಕಾಲಿಂದ ಅಳೆಯಲು ಬಿಡುತ್ತಾರೆ. ಗಾಲಿಕುರ್ಚಿಯಲ್ಲಿರುವವರಿಗೆ ತಿರುಗುವುದು ಅಂದರೆ ಕುರ್ಚಿಯನ್ನೇ ಗಿರ್ರನೆ ತಿರುಗಿಸುವುದು. ಸಾಗುವುದು, ಜೀಕುವುದು, ನೇತಾಡುವುದು ಎಲ್ಲಕ್ಕೂ ಅವರದೇ ರೂಪ ಇದೆ.

ಇಷ್ಟಾದರೂ ಎಲ್ಲರಿಗೂ ಎಲ್ಲವೂ ಸಲ್ಲದು. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ. ಅಂಥವರು ಲಾಗ ಹಾಕಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಹಾಗಾಗಿ ಸೇರಿಸಿಕೊಳ್ಳುವ ಮೊದಲು ಡಾಕ್ಟರ್ ತಪಾಸಣೆ ಬೇಕೇ ಬೇಕು. ಮೂಳೆ ಟೊಳ್ಳಾಗಿ ದುರ್ಬಲವಾದವರು (ಆಸ್ಟಿಯೊಪೊರೋಸಿಸ್ ಇರುವವರು) ಬೆನ್ನನ್ನು ಮುಂದಕ್ಕೆ ಗುಂಡಗೆ ಬಗ್ಗಿಸುವ ಕಸರತ್ತು ಮಾಡಬಾರದು. ಇವನ್ನು ಕೇಳದೆ ಫೀಸು ಕಟ್ಟಿಸಿಕೊಂಡು ಮ್ಯಾಟ್ ಹಾಸುವ ಜಾಗಕ್ಕೆ ಹೋಗಬೇಡಿ.

ಪ್ರದರ್ಶನ ಹೇಗೆ ಕಟ್ಟುತ್ತಾರೆ ಅನ್ನುವುದನ್ನೂ ಹೇಳಬೇಕು. ಸ್ಪರ್ಧೆಯಲ್ಲಿ ನಿಯಮಪುಸ್ತಕ ಇರುತ್ತದೆ, ಯಾವ ಕಸರತ್ತಿಗೆ ಎಷ್ಟು ಅಂಕ ಅಂತ ನೋಡಿಕೊಂಡು ಜೋಡಿಸಿದರಾಯಿತು. ಇಲ್ಲಿ ಆ ಪುಸ್ತಕ ಇಲ್ಲ. ಹಾಗಾಗಿ ಗುಂಪಿನಲ್ಲಿ ಯಾರಿಗೆ ಏನು ಬರುತ್ತದೆ ಅನ್ನುವುದರಿಂದ ಶುರು. ಒಬ್ಬರಿಗೆ ಮರಗಾಲು ಬರುತ್ತದೆ, ಒಬ್ಬರಿಗೆ ಕೋಲು ಬೀಸಲು ಬರುತ್ತದೆ, ಇನ್ನೊಬ್ಬರು ಕೂತಲ್ಲೇ ತಾಳಕ್ಕೆ ಕೈ ಆಡಿಸಬಲ್ಲರು. ಇವರೆಲ್ಲ ಒಂದೇ ಚಲನೆಯನ್ನು ಒಟ್ಟಿಗೆ ಮಾಡಬಹುದು, ಅಥವಾ ಒಬ್ಬರ ಹಿಂದೆ ಒಬ್ಬರಂತೆ ಅಲೆಯ ಹಾಗೆ ಮಾಡಬಹುದು. ಈ ಎರಡನೇ ಉಪಾಯದಲ್ಲಿ ಸಣ್ಣ ಚಲನೆಯೂ ಇಪ್ಪತ್ತು ಜನರ ಮೈಯಲ್ಲಿ ಹರಿದು ದೊಡ್ಡದಾಗಿ ಕಾಣುತ್ತದೆ. ಸಲಕರಣೆ ಏನು ಬೇಕಾದರೂ ಆಗಬಹುದು. ಬ್ರೆಜಿಲ್‌ನ ಕಾಂಪಿನಾಸ್ ವಿಶ್ವವಿದ್ಯಾಲಯದ ತಂಡ ಬಿದಿರಿನ ಗಳುಗಳಂಥ ವಸ್ತುಗಳನ್ನೇ ಹಿಡಿದು ಪ್ರದರ್ಶನ ಕಟ್ಟಿ ಹೆಸರಾಗಿದೆ.

ಸ್ವಲ್ಪ ಮೌಲ್ಯಮಾಪನ ಬೇಕು ಅನ್ನುವವರಿಗೆ 2009ರಿಂದ 'ಜಿಮ್ ಫಾರ್ ಲೈಫ್ ಚಾಲೆಂಜ್' ಅನ್ನುವುದೂ ಇದೆ. ಅಲ್ಲಿ ತಂಡಗಳಿಗೆ ಚಿನ್ನ, ಬೆಳ್ಳಿ, ಕಂಚು ಅಂತ ದರ್ಜೆ ಕೊಡುತ್ತಾರೆ. ಮಟ್ಟ ಮುಟ್ಟಿದ ಎಷ್ಟು ತಂಡಕ್ಕೆ ಬೇಕಾದರೂ ಚಿನ್ನ ಸಿಗಬಹುದು. ನನಗೆ ಅದಕ್ಕಿಂತ ಜಿಮ್ನಾಸ್ಟ್ರಾಡಾ ಮಾದರಿಯೇ ಹೆಚ್ಚು ಇಷ್ಟ. ದರ್ಜೆ ಅಂತ ಬಂದ ಮೇಲೆ ನಿಧಾನಕ್ಕೆ ದುರ್ಬಲರನ್ನು ಹಿಂದಿನ ಸಾಲಿಗೆ ಸರಿಸುವ ಆಸೆ ಯಾವ ಕೋಚ್‌ಗೂ ಬರುತ್ತದೆ.

ನಮ್ಮಲ್ಲಿ ಇದೆಲ್ಲ ಹೊಸದೇ? ಪೂರ್ತಿ ಅಲ್ಲ. ಗರಡಿಗಳಲ್ಲಿ ತಿರುಗಿಸುವ ಮರದ ಮುದ್ಗರವನ್ನು ನೋಡಿ ಮೆಚ್ಚಿದ ಬ್ರಿಟಿಷ್ ಅಧಿಕಾರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಅದು 'ಇಂಡಿಯನ್ ಕ್ಲಬ್ಸ್' ಆಗಿ ಯುರೋಪ್, ಅಮೆರಿಕದ ವ್ಯಾಯಾಮಶಾಲೆಗಳನ್ನೆಲ್ಲ ಸೇರಿತು, 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯೂ ಆಯಿತು. ಇವತ್ತು ರಿದಮಿಕ್ ಜಿಮ್ನಾಸ್ಟ್‌ಗಳು ಕೈಯಲ್ಲಿ ಹಿಡಿಯುವ ಪುಟ್ಟ ಕ್ಲಬ್ ಅದೇ ವಂಶದ್ದು. ಆಗಸ್ಟ್ 15ಕ್ಕೆ ಶಾಲಾ ಮೈದಾನದಲ್ಲಿ ಪಿ.ಟಿ. ಮೇಷ್ಟ್ರ ಸೀಟಿಗೆ ಮಾಡಿದ ಲೇಜಿಮ್, ಡಂಬಲ್ಸ್ ಕವಾಯತು ನೆನಪಿದೆಯಲ್ವಾ? ಎಲ್ಲ ಮಕ್ಕಳೂ ಅದರಲ್ಲಿರುತ್ತಿದ್ದರು, ಗೆಲ್ಲುವವರು ಯಾರೂ ಇರುತ್ತಿರಲಿಲ್ಲ. ಮೂಡಬಿದಿರೆಯ ಆಳ್ವಾಸ್ ವಿದ್ಯಾರ್ಥಿಗಳ ಮಲ್ಲಕಂಬ ಪ್ರದರ್ಶನ ನೋಡಿದವರಿಗೆ ಅಂಕವಿಲ್ಲದೆಯೂ ಕಸರತ್ತು ಎಷ್ಟು ಮೈನವಿರೇಳಿಸುತ್ತದೆ ಅಂತ ಗೊತ್ತು.

ನಮ್ಮ ಶಾಲೆಗಳಿಗೆ ಒಂದು ಮಾತು ಮಾತ್ರ ಜೋರಾಗಿ ಹೇಳಬೇಕು ಅನ್ನಿಸುತ್ತದೆ. ವಾರ್ಷಿಕೋತ್ಸವಕ್ಕೆ ಮಕ್ಕಳ ಮೇಲೆ ಮಕ್ಕಳನ್ನು ನಿಲ್ಲಿಸಿ ನಾಲ್ಕೈದು ಅಂತಸ್ತಿನ ಪಿರಮಿಡ್ ಕಟ್ಟುವುದನ್ನು ಬಿಡಿ. ಜಪಾನಿನ ಶಾಲೆಗಳಲ್ಲಿ ಇದು ದೊಡ್ಡ ಸಂಪ್ರದಾಯವಾಗಿತ್ತು. ಮಕ್ಕಳಿಗೆ ಪೆಟ್ಟಾಗುವುದು ಹೆಚ್ಚಾದ ಮೇಲೆ ಒಸಾಕಾ ನಗರದ ಶಿಕ್ಷಣ ಮಂಡಳಿ 2016ರಲ್ಲಿ ಅದನ್ನು ನಿಷೇಧಿಸಿತು. ಕೆಳಗಿನ ಸಾಲಿನ ಮಗುವಿನ ಬೆನ್ನಿನ ಮೇಲೆ ಬೀಳುವ ಭಾರ ಮೇಲಿಂದ ಕೈಬೀಸುವ ಮಗುವಿಗೂ ಕಾಣುವುದಿಲ್ಲ, ಚಪ್ಪಾಳೆ ಹೊಡೆಯುವ ನಮಗೂ ಕಾಣುವುದಿಲ್ಲ. ಅದೇ ಅವಧಿಯಲ್ಲಿ ಅಷ್ಟೂ ಮಕ್ಕಳಿಗೆ ಸರಿಯಾಗಿ ಇಳಿಯುವುದು, ಉರುಳುವುದು ಕಲಿಸಿದರೆ ಅದು ಜೀವನಪೂರ್ತಿ ಕಾಯುತ್ತದೆ.

ಅದೇ ಜಪಾನಿನಲ್ಲಿ ನಕಲು ಮಾಡಬೇಕಾದದ್ದೂ ಇದೆ. 1928ರಲ್ಲಿ ಶುರುವಾದ ರೇಡಿಯೋ ವ್ಯಾಯಾಮ ಇವತ್ತಿಗೂ ಬೆಳಗ್ಗೆ ಆರೂವರೆಗೆ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯಲ್ಲಿ ಬರುತ್ತದೆ. ಈಗ ಬಳಕೆಯಲ್ಲಿರುವ ಮೊದಲ ಸರಣಿ 1951ರದ್ದು. ಪಿಯಾನೋ ಸಂಗೀತಕ್ಕೆ ಮೂರು ನಿಮಿಷದ ಚಲನೆ, ಪಾರ್ಕಿನಲ್ಲಿ, ಕಾರ್ಖಾನೆಯ ಅಂಗಳದಲ್ಲಿ. ಬೇಸಿಗೆ ರಜೆಯಲ್ಲಿ ಮಕ್ಕಳು ಕತ್ತಿಗೆ ಕಾರ್ಡು ನೇತುಹಾಕಿಕೊಂಡು ಬಂದು, ಮಾಡಿದ ದಿನಕ್ಕೊಂದು ಮುದ್ರೆ ಹಾಕಿಸಿಕೊಳ್ಳುತ್ತಾರೆ. ನಿಲ್ಲಲಾಗದವರಿಗೆ ಕೂತು ಮಾಡುವ ರೂಪವೂ ಇದೆ. ಇದಕ್ಕೆ ಬೇಕಾಗಿರುವುದು ಒಂದು ರೇಡಿಯೋ ಅಷ್ಟೇ.

ನಿಮ್ಮೂರಲ್ಲಿ ಇಂಥದ್ದೊಂದು ತರಗತಿ ಶುರುಮಾಡುವ ಮನಸ್ಸಿದ್ದರೆ ಒಂದು ಹಾಲ್, ಹತ್ತು ಹನ್ನೆರಡು ಗಟ್ಟಿ ಮ್ಯಾಟು, ಒಂದು ಇಳಿಜಾರು ಮ್ಯಾಟು, ನಾಲ್ಕು ಉದ್ದದ ಬೆಂಚು, ನೇತಾಡಲು ಒಂದು ಕಂಬಿ ಸಾಕು. ತೆಳ್ಳಗಿನ ಯೋಗ ಮ್ಯಾಟ್ ಹಾರಿ ಇಳಿಯುವುದಕ್ಕೆ ಆಗುವುದಿಲ್ಲ. ಸೇರುವವರಾದರೆ ಮೊದಲ ದಿನ ಸುಮ್ನೆ ಕೂತು ನೋಡಿ. ಕೋಚ್ ಆರೋಗ್ಯದ ಬಗ್ಗೆ ಕೇಳಿದರಾ, ಆಗಲ್ಲ ಅಂದವರಿಗೆ ಬೇರೆ ದಾರಿ ಕೊಟ್ಟರಾ, ಮೈ ಬಗ್ಗಿಸಲು ಮಕ್ಕಳನ್ನು ಒತ್ತಿದರಾ ಅಂತ ಗಮನಿಸಿ. ಒತ್ತುವವರಾದರೆ ಅಲ್ಲಿಂದ ಎದ್ದು ಬನ್ನಿ.